ರುಕ್ವತದಲ್ಲಿ ಇಟ್ಟ ಅಮೆರಿಕದ ಕಾರು

ನಮ್ಮ ಓಣಿಯಲ್ಲಿ ಒಂದು ಮಣಿಯ ಗಿಳಿ ಇತ್ತು. ಹಸಿರು ಮೈ, ಕೆಂಪು ಕೊಕ್ಕು. ಒಂದು ಕಣ್ಣು ಉದುರಿಹೋಗಿ ಅಲ್ಲಿ ಅಂಗಿಯ ಗುಂಡಿ ಹೊಲಿದಿದ್ದರು. ಯಾರ ಮನೆಯ ಹುಡುಗಿಯ ಮದುವೆಯಾದರೂ ಆ ಗಿಳಿ ಹಂದರಕ್ಕೆ ಹಾಜರು. ನಮ್ಮ ಕಡೆ ರುಕ್ವತ ಅಂತ ಒಂದು ಪದ್ಧತಿ. ಮದುಮಗಳು ಕೈಯಾರೆ ಮಾಡಿದ ಕಸೂತಿ, ಮಣಿಯ ಕೆಲಸ, ಉಂಡಿ, ಚಕ್ಕಲಿ ಎಲ್ಲವನ್ನೂ ಹಂದರದಲ್ಲಿ ಸಾಲಾಗಿ ಇಟ್ಟು ಬೀಗರಿಗೆ ತೋರಿಸಬೇಕು. ಗಿಳಿಯನ್ನು ನಿಜವಾಗಿ ಮಾಡಿದವರು ಯಾರೋ ದೇವರಿಗೇ ಗೊತ್ತು. ಪ್ರತಿ ಮದುವೆಯಲ್ಲೂ "ನಮ್ಮ ಹುಡುಗಿನ ಮಾಡ್ಯಾಳ್ರಿ" ಅನ್ನುತ್ತಿದ್ದರು, ಬೀಗರು ತಲೆದೂಗುತ್ತಿದ್ದರು. ನನ್ನ ಮದುವೆ ಗೊತ್ತಾದ ದಿನ ಅವ್ವ ಮೊದಲು ವಿಚಾರಿಸಿದ್ದು ಗಿಳಿ ಈಗ ಯಾರ ಮನೆಯಲ್ಲಿದೆ ಅಂತ. ನನಗೆ ಮೈಯೆಲ್ಲ ಉರಿಯಿತು. ಗಿಳಿ ತಂದರೆ ನಾನು ಹಸೆಗೇ ಬರುವುದಿಲ್ಲ, ನಾನು ತಗಡಿನಲ್ಲಿ ಮಾಡಿದ ಕಾರನ್ನೇ ಇಡಬೇಕು ಅಂದೆ.

ಎಪ್ಪತ್ತರ ದಶಕದ ಮಾತು. ವಿಜಯಪುರಕ್ಕೆ ಆಗ ನಾವೆಲ್ಲ ವಿಜಾಪುರ ಅನ್ನುತ್ತಿದ್ದೆವು. ಬಜಾರದ ಒಂದು ಸಂದಿಯಲ್ಲಿ ಅಪ್ಪನ ಅಂಗಡಿ. ಚಿಮಣಿ ಎಣ್ಣೆಯ ಸ್ಟೋ, ಕೀಲಿ, ಟಾರ್ಚು ರಿಪೇರಿ. ಅಂಗಡಿಗೆ ಕೈ ಹಚ್ಚಬೇಕಾದವನು ನನ್ನ ಅಣ್ಣ. ಆದರೆ ಅವನ ಎರಡೂ ಕೈ ತಲೆಗೂದಲಿನ ಸೇವೆಯಲ್ಲೇ ಇರುತ್ತಿದ್ದವು. ಹಾಗಾಗಿ ಅಪ್ಪ ಉಳಿದ ಕೆಲಸವನ್ನು ಸಂಜೆ ಮನೆಗೆ ತಂದಾಗ ನಾನು ಪಕ್ಕದಲ್ಲಿ ಕೂತು ಬೆಸುಗೆ ಹಾಕುವುದನ್ನೂ ತಗಡು ಕೊಯ್ಯುವುದನ್ನೂ ಕಲಿತುಬಿಟ್ಟೆ. ಮನೆಯ ಬಾಗಿಲು ಹಾಕಿಯೇ ಈ ಪಾಠ ನಡೆಯುತ್ತಿತ್ತು.

ಒಂದು ದಿನ ಗೋಳಗುಮ್ಮಟ ನೋಡಲು ಬಂದ ಪರದೇಶದ ಗಂಡ ಹೆಂಡತಿ, ಉರಿಯದ ತಮ್ಮ ಪುಟ್ಟ ಸ್ಟೋ ಹಿಡಿದು ಅಪ್ಪನ ಅಂಗಡಿಗೆ ಬಂದರು. ಅಪ್ಪ ಪಿನ್ನು ಹಾಕಿ ಕಸ ತೆಗೆದುಕೊಟ್ಟ. ಅವರು ಖುಷಿಯಿಂದ ಒಂದು ಹಳೆಯ ಚಿತ್ರಪತ್ರಿಕೆ ಕೊಟ್ಟು ಹೋದರು. ಅಪ್ಪ ಅದರಲ್ಲಿ ಸ್ಕ್ರೂ ಕಟ್ಟಿಕೊಡಲು ಶುರು ಮಾಡಿದ್ದ. ಊಟದ ಬುತ್ತಿ ಕೊಡಲು ಹೋದ ನಾನು ಎರಡು ಹಾಳೆ ಉಳಿಸಿಕೊಂಡೆ. ಒಂದರಲ್ಲಿ ಅಮೆರಿಕದ ಒಂದು ಕೆಂಪು ಕಾರು. ಉದ್ದ ಮೂತಿ, ಗಿಡ್ಡ ಬೆನ್ನು, ಬದಿಗೆ ಒಂದೊಂದೇ ಬಾಗಿಲು, ಬಾನೆಟ್ಟಿನ ಮೇಲೆ ಉದ್ದಕ್ಕೆ ಎರಡು ಕರಿ ಪಟ್ಟಿ. ಇನ್ನೊಂದರಲ್ಲಿ ಅದರದೇ ಎಂಜಿನ್ನು, ಬಾನೆಟ್ಟು ತೆಗೆದು ತೋರಿಸಿದ್ದು. ಅಷ್ಟು ಸಿಟ್ಟಿನ ಮೋರೆಯ ಗಾಡಿಯನ್ನು ನಾನು ಎಂದೂ ಕಂಡಿರಲಿಲ್ಲ. ನನಗೂ ಅದಕ್ಕೂ ಅಲ್ಲೇ ಜೋಡಿಯಾಯಿತು.

ಅಳತೆ ಬೆರಳಿನದು. ಚಿತ್ರದಲ್ಲಿ ಒಂದು ಬೆರಳಿದ್ದರೆ ತಗಡಿನಲ್ಲಿ ಮೂರು ಬೆರಳು. ವನಸ್ಪತಿ ಡಬ್ಬಿ ಕೊಯ್ದು ಮೈ ಮಾಡಿದೆ, ಮೊಳದುದ್ದ ಆಯಿತು. ಹರಿದ ಹವಾಯಿ ಚಪ್ಪಲಿ ಗಾಲಿಗಳಾದವು, ಟಾರ್ಚಿನ ಸುಟ್ಟ ಬಲ್ಬು ದೀಪಗಳಾದವು, ಸ್ಟೋವಿನ ಹಳೆ ನಿಪ್ಪಲ್ಲುಗಳನ್ನು ನಾಲ್ಕು ನಾಲ್ಕು ಎದುರುಬದುರು ನಿಲ್ಲಿಸಿದಾಗ ಎಂಜಿನ್ನಾಯಿತು. ಸೀಟಿಗೆ ಅವ್ವನ ಕುಪ್ಪಸದ ಖಣ. ಬಿಚ್ಚಿ ತೋರಿಸಲು ಬರಬೇಕು ಅಂತ ಬಾನೆಟ್ಟು, ಗಾಲಿ, ಸೀಟು, ಎಂಜಿನ್ನು ಎಲ್ಲವನ್ನೂ ಕೀಲಿಯ ಸಣ್ಣ ಸ್ಕ್ರೂಗಳಿಂದ ಕೂಡಿಸಿದೆ.

ಅಮೆರಿಕದವರ ಬುದ್ಧಿ ಅಲ್ಲಿಗೆ ಮುಗಿದು ನಮ್ಮ ಮನೆಯವರ ಬುದ್ಧಿ ಶುರುವಾಯಿತು. ಅಪ್ಪನ ತಾಯಿಗೆ ನಾವು ಆಯಿ ಅನ್ನುತ್ತಿದ್ದೆವು. ಆಯಿ ಬಾನೆಟ್ಟು ನೋಡಿ ಹುಬ್ಬು ಗಂಟಿಕ್ಕಿದಳು.

"ಉದ್ದಕ ಪಟ್ಟಿ ಎಳದ್ರ ನಾಮ ಆಗ್ತಾವ ಬೇ. ನಾವು ವಿಭೂತಿ ಮಂದಿ. ಅಡ್ಡ ಎಳಿ, ಮೂರು ಎಳಿ, ಬಿಳೇ ಬಣ್ಣದ್ದ ಎಳಿ."

ಎಳೆದೆ. ಅವ್ವನ ತಕರಾರು ಬಾಗಿಲಿನದು. "ಹಿಂದ ಕುಂತಾಕಿ ಹೆಂಗ ಇಳೀಬೇಕು? ಮುಂದಿನವ್ರ ತೊಡಿ ಮ್ಯಾಲ ಹಾದು?" ಬಾಗಿಲು ಹೆಚ್ಚಿಸಲು ನಾನು ಒಪ್ಪಲಿಲ್ಲ. ಹಾಗಾದರೆ ಜೋಳದ ಚೀಲ ಹೇರಲು ಮೇಲೆ ಕ್ಯಾರಿಯರ್ ಆದರೂ ಇರಲಿ, ಹಿಂದೆ ಏಣಿ ಇರಲಿ ಅಂದಳು. ಅದನ್ನೂ ಮಾಡಿದೆ. ಕೊನೆಗೆ ವಿಭೂತಿ ಹಚ್ಚಿಕೊಂಡು, ತಲೆಯ ಮೇಲೆ ಕ್ಯಾರಿಯರ್ ಹೊತ್ತು ನಿಂತ ಆ ಕಾರು ಚಿತ್ರದ ಕಾರಿಗಿಂತ ನನಗೆ ಚೆಂದ ಕಂಡಿತು. ಈಗಲೂ ಹಾಗೇ ಅನ್ನಿಸುತ್ತದೆ.

ಬಬಲೇಶ್ವರದವರು ನನ್ನನ್ನು ನೋಡಲು ಬಂದಾಗ ಕಾರು ಗೋಡೆಯ ಗೂಡಿನಲ್ಲಿತ್ತು. ಹುಡುಗನ ಅಪ್ಪ ಅದನ್ನು ನೋಡಿ, ಯಾರು ಮಾಡಿದ್ದು ಅಂತ ಕೇಳಿದರು. ನಾನು ತಟ್ಟೆ ಹಿಡಿದು ನಿಂತಿದ್ದೆ. ಅಪ್ಪ ನನ್ನ ಕಡೆ ನೋಡದೆ, "ನಮ್ಮ ಹುಡುಗ ಮಾಡ್ಯಾನ್ರಿ" ಅಂದ. ಅಣ್ಣ ನಾಚಿಕೊಂಡವನ ಹಾಗೆ ಕೂದಲು ಹಿಂದಕ್ಕೆ ತಳ್ಳಿದ. ಆ ತಟ್ಟೆಯನ್ನು ಯಾರ ತಲೆಗೆ ಹಾಕಲಿ ಅನ್ನಿಸಿತು. ಅವರು ಹೋದ ಮೇಲೆ ಜಗಳ ತೆಗೆದೆ. ಅಪ್ಪ ಮೆಲ್ಲಗೆ, "ಹೆಣ್ಣುಡುಗಿ ತಗಡ ಕೊಯ್ತಾಳ ಅಂದ್ರ ಯಾರ ಮಾಡ್ಕೋತಾರ ಯವ್ವಾ?" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಅದು ನನಗೆ ಇನ್ನೂ ನೋವು ಮಾಡಿತು. ಅವತ್ತೇ ನಿಶ್ಚಯ ಮಾಡಿದೆ: ರುಕ್ವತದಲ್ಲಿ ಇಟ್ಟರೆ ಮದುಮಗಳು ಮಾಡಿದ್ದು ಅಂತ ನಾಲ್ಕು ಮಂದಿಯ ಮುಂದೆ ಹೇಳಲೇಬೇಕು. ನನಗೆ ಅಷ್ಟೇ ಬೇಕಾಗಿತ್ತು.

ಮದುವೆಯ ದಿನ ನನ್ನ ಹಟವೇ ಗೆದ್ದು, ಉಂಡಿಯ ಬುಟ್ಟಿಗೂ ಚಕ್ಕಲಿಯ ಬುಟ್ಟಿಗೂ ನಡುವೆ ಕಾರು ನಿಂತಿತು. ಅಕ್ಕಿಕಾಳು ಬೀಳುವ ಮುಹೂರ್ತ ಇನ್ನೂ ದೂರವಿತ್ತು. ಬೀಗರು ಒಬ್ಬೊಬ್ಬರಾಗಿ ನೋಡುತ್ತ ಬಂದರು. ಆಗ ಮದುಮಗನ ಸೋದರಮಾವ ಬಂದು ನಿಂತರು. ಟಿಕೋಟಾದ ರೈತರು, ಬಾವಿಗೆ ಡೀಸೆಲ್ ಎಂಜಿನ್ ಕೂಡಿಸಿ, ಅದನ್ನು ಆಗಾಗ ತಾವೇ ಬಿಚ್ಚಿ ತಾವೇ ಜೋಡಿಸುವವರು ಅಂತ ಹೆಸರಾದವರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಅಪ್ಪನನ್ನು ಕರೆದರು.

"ಬೀಗರ, ಖರೇ ಕಾರು ಯಾವಾಗ ಬರತೈತಿ?"

ಚೇಷ್ಟೆ ಇರಬೇಕು ಅಂತ ಅಪ್ಪ ನಕ್ಕ. ಮಾವ ನಗಲಿಲ್ಲ.

"ನನ್ನ ಮಗಳ ಮದುವ್ಯಾಗ ನಾ ಬೆಳ್ಳಿ ಆಕಳ ಇಟ್ಟೆ. ಮುಂದಿನ ವಾರ ಖರೇ ಆಕಳ, ಕರು ಸುದ್ದಾ ಹೊಡಕೊಂಡು ಹೋಗಿ ಬೀಗರ ಅಂಗಳದಾಗ ಕಟ್ಟಿ ಬಂದೆ. ನೀವು ಕಾರು ಇಟ್ಟೀರಿ. ಮಂದಿ ಮುಂದ ಇಟ್ರ ಮಾತು ಕೊಟ್ಟಂಗ ಆತಲ್ಲ?"

"ಛೇ, ಇಲ್ರಿ! ಅದು ಆಟಿಗಿ ಸಾಮಾನ್ರಿ. ನಮ್ಮ ಹುಡುಗ ಮಾಡ್ಯಾನ್ರಿ."

ಅಲ್ಲಿಗೆ ಎಲ್ಲ ಕೆಟ್ಟಿತು. "ಹುಡುಗಿ ಮಾಡಿದ್ರ ರುಕ್ವತ," ಅಂದರು ಮಾವ. "ಮನಿ ಗಂಡಸರು ಮಾಡಿ ಇಟ್ರ ಅದು ಕಬೂಲಿ, ಕೊಟ್ಟ ಮಾತು."

ಹಂದರದಲ್ಲಿ ಸುದ್ದಿ ಹಬ್ಬಿತು. ಹುಡುಗನ ಅಪ್ಪ ಸಾಧು ಮನುಷ್ಯ. ಇದೆಲ್ಲ ಯಾಕೆ ಅನ್ನುವ ಹಾಗೆ ನಿಂತಿದ್ದರು. ಆದರೂ ಆಸೆ ತಡೆಯದೆ, "ಬಣ್ಣ ಇದ ಇರತೈತೇನ್ರಿ?" ಅಂತ ಕೇಳಿಯೇಬಿಟ್ಟರು. ಅವರ ಹಿಂದಿದ್ದ ಮುದುಕರೊಬ್ಬರು, ಅಷ್ಟುದ್ದದ ಗಾಡಿ ಬಬಲೇಶ್ವರದ ತಮ್ಮ ಓಣಿಯಲ್ಲಿ ತಿರುಗಿ ಹೊಳ್ಳುವುದಿಲ್ಲ, ಊರ ಅಗಸಿ ಬಾಗಿಲಿನ ಹೊರಗೇ ನಿಲ್ಲಿಸಬೇಕಾದೀತು ಅಂದರು. ಊರಿನ ಎಲ್ಲ ಸ್ಟೋಗಳನ್ನು ರಿಪೇರಿ ಮಾಡಿದರೂ ಅಪ್ಪನಿಗೆ ಅಂಥ ಕಾರಿನ ಒಂದು ಗಾಲಿಯೂ ಬರುತ್ತಿರಲಿಲ್ಲ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುವುತ್ತ ನಿಂತ. ನನಗೆ ನೋಡಲಾಗಲಿಲ್ಲ.

"ನಾ ಮಾಡೇನ್ರಿ," ಅಂದೆ.

ಮದುಮಗಳು ಅಷ್ಟು ಜೋರಾಗಿ ಮಾತಾಡಿದ್ದಕ್ಕೆ ಅವ್ವ ಹಿಂದಿನಿಂದ ಚಿವುಟಿದಳು. ಮಾವ ಒಮ್ಮೆ ನನ್ನನ್ನು, ಒಮ್ಮೆ ಅಣ್ಣನನ್ನು ನೋಡಿದರು.

"ಅಪ್ಪ ಮಗ ಅಂತಾನ, ಮಗಳು ನಾ ಅಂತಾಳ. ಹಂಗಾರ ಬಿಚ್ಚಿ ಕೂಡಸ್ರಿ, ನೋಡೂಣು."

ಮೊದಲು ಅಣ್ಣ. ಬಾನೆಟ್ಟು ತೆಗಿ ಅಂದರೆ ಮೇಲಿನ ಕ್ಯಾರಿಯರ್ ಹಿಡಿದು ಎಳೆದ. ಅದು ಏಣಿಯ ಸಮೇತ ಕಿತ್ತು ಕೈಗೆ ಬಂತು. "ಇದು ಹಿಂಗ ಬರತೈತ್ರಿ," ಅಂತ ಬೇರೆ ಹೇಳಿದ. ಹಂದರವೇ ನಕ್ಕಿತು. ನಾನು ಅವನ ಕೈಯಿಂದ ಕಾರು ಕಸಿದುಕೊಂಡು ಚಾಪೆಯ ಮೇಲೆ ಕೂತೆ. ಅಪ್ಪನ ಪೇಚಕಸ ತರಿಸಿದೆ. ಸ್ಕ್ರೂ ಬಿಚ್ಚತೊಡಗಿದರೆ ಮೊಣಕೈವರೆಗೆ ಹಸಿರು ಬಳೆ ಅಡ್ಡ, ಬಾಸಿಂಗದ ಜೋಲಿ ಮೂಗಿನ ಮುಂದೆ ಅಡ್ಡ. ಒಂದು ಸ್ಕ್ರೂ ಉರುಳಿ ಹೋಯಿತು. ಆಗ ಅಲ್ಲಿವರೆಗೂ ಗೊಂಬೆಯ ಹಾಗೆ ಕೂತಿದ್ದ ಮದುಮಗ ಎದ್ದು ಬಂದು ಅದನ್ನು ಹುಡುಕಿ ತಂದ. ತನ್ನ ಶಲ್ಯ ಬಿಚ್ಚಿ ನನ್ನ ಮುಂದೆ ಹಾಸಿ, ಸ್ಕ್ರೂ ಅದರ ಮೇಲಿಟ್ಟು ತಿರುಗಿ ಹೋಗಿ ಕೂತ. ಒಳ್ಳೆಯವನಿದ್ದಾನೆ ಅನ್ನಿಸಿತು.

ಗಾಲಿ, ಸೀಟು, ಎಂಜಿನ್ನು ಎಲ್ಲ ಬಿಚ್ಚಿ ಹರಡಿದೆ. ಮತ್ತೆ ಕೂಡಿಸಿದೆ. ಕಾರು ನೆಟ್ಟಗೆ ನಿಂತಿತು. ಆದರೆ ಶಲ್ಯದ ಮೇಲೆ ಒಂದು ಸ್ಕ್ರೂ ಉಳಿದುಬಿಟ್ಟಿತ್ತು. ಎಲ್ಲಿಯದು ಅಂತ ಎಷ್ಟು ನೆನೆದರೂ ಹೊಳೆಯಲಿಲ್ಲ. ಮಾವ ಅದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಜೋರಾಗಿ ನಕ್ಕರು.

"ನಾ ಎಂಜಿನ್ ಕೂಡಿಸಿದಾಗೆಲ್ಲ ಒಂದರ ಉಳೀತೈತಿ! ಈಕಿನ ಮಾಡ್ಯಾಳ, ಸುಳ್ಳಲ್ಲ. ಬೀಗರ, ಮತ್ತ ಮಗ ಮಾಡ್ಯಾನ ಅಂತ ಯಾಕ ಅಂದ್ರಿ?"

ಅಪ್ಪ ನೆಲ ನೋಡಿದ. "ಮಗಳು ತಗಡ ಕೊಯ್ತಾಳ ಅಂದ್ರ ನೀವು ಬ್ಯಾಡ ಅಂತೀರಿ ಅಂತ ಅಂಜಿದ್ನಿರಿ."

"ಯಾಕ ಬ್ಯಾಡ ಅಂತೀವಿ?" ಅಂತ ಹೆಂಗಸರ ನಡುವಿನಿಂದ ನನ್ನ ಅತ್ತೆಯ ದನಿ ಬಂತು. "ನಮ್ಮನಿ ಸ್ಟೋ ಕೆಟ್ಟು ಕುಂತೈತಿ!"

ಅಕ್ಕಿಕಾಳು ಬಿದ್ದವು. ಊಟದ ಪಂಕ್ತಿಯಲ್ಲಿ ಅಪ್ಪ ಹುಗ್ಗಿಯ ಬಕೀಟು ಹಿಡಿದು ಬಡಿಸುತ್ತ, ಕೇಳದವರಿಗೂ ಬಗ್ಗಿ ಹೇಳಿದ: "ಆ ಕಾರು ನಮ್ಮ ಹುಡುಗಿ ಮಾಡ್ಯಾಳ್ರಿ." ಒಬ್ಬರಿಗೆ ಎರಡು ಸಲ ಹೇಳಿದ, ಅವರಿಗೆ ಹುಗ್ಗಿಯೂ ಎರಡು ಸಲ ಬಿತ್ತು.

ಸಂಜೆ ಬಬಲೇಶ್ವರಕ್ಕೆ ಹೊರಡುವಾಗ ನನಗೆ ಅಳು ಬರಲಿಲ್ಲ. ಮಂದಿ ಕಲ್ಲುಮನಸ್ಸಿನವಳು ಅಂದಾರು ಅಂತ ಅವ್ವ ಮತ್ತೊಮ್ಮೆ ಚಿವುಟಿದಳು, ಆದರೂ ಬರಲಿಲ್ಲ. ರುಕ್ವತದ ಬುಟ್ಟಿಗಳೆಲ್ಲ ಟ್ರಕ್ಕಿಗೆ ಏರಿದ್ದವು, ನಾನೂ ಏರಿ ಕೂತಿದ್ದೆ. ಅಪ್ಪ ಕೊನೆಗೆ ಬಂದ, ಕಾರನ್ನು ಟಾವೆಲ್ಲಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು. ನಾನು ತೊಡೆಯ ಮೇಲೆ ಇಟ್ಟುಕೊಳ್ಳಲು ಕೈ ಚಾಚಿದೆ. ಕೊಟ್ಟ. ಆದರೆ ಕೈ ತೆಗೆಯಲಿಲ್ಲ.

"ಯವ್ವಾ, ಇದನ್ನ ನನಗ ಬಿಟ್ಟು ಹೋಗ್ತಿಯೇನು? ಅಂಗಡ್ಯಾಗ ಮುಂದ ಇಡ್ತೀನಿ. ಯಾರು ಮಾಡ್ಯಾರ ಅಂತ ಕೇಳಿದವ್ರಿಗೆ ನಿನ್ನ ಹೆಸರು ಹೇಳ್ತೀನಿ."

ಆಗ ಬಂತು ನೋಡಿ ಅಳು. ಟ್ರಕ್ಕಿನ ಹಲಗೆ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ. ಟಿಕೋಟಾದ ಮಾವ ಗಾಬರಿಯಾಗಿ ಓಡಿ ಬಂದು, "ಕೊಟ್ಟುಬಿಡ್ರಿ ಬೀಗರ, ಹುಡುಗಿ ಕಾರಿನ ಸಲುವಾಗಿ ಅಳಾಕತ್ತೈತಿ!" ಅಂತ ಅಪ್ಪನ ಕೈ ಬಿಡಿಸತೊಡಗಿದರು. ಅಲ್ಲ ಅಲ್ಲ ಅಂತ ಬಿಕ್ಕುತ್ತಲೇ ತಲೆ ಅಲ್ಲಾಡಿಸಿದೆ. ಮಾವ ಆ ಕಡೆಯಿಂದ ಕಾರನ್ನು ನನ್ನ ತೊಡೆಗೆ ತಳ್ಳುತ್ತಿದ್ದರು, ನಾನು ಈ ಕಡೆಯಿಂದ ಅಪ್ಪನ ಎದೆಗೆ ಒತ್ತುತ್ತಿದ್ದೆ.