ಡಬ್ಬದ ಮೇಲಿನ ಗೋಪುರ

ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ಬಿದ್ದ ಕಾಫಿಹಣ್ಣಿನ ಸಿಪ್ಪೆ ಒಂದೆರಡು ದಿನ ಬಿಸಿಲಿಗೆ ಕೂತರೆ ಹುಳಿ ವಾಸನೆ ಏಳುತ್ತದೆ. ಬೆಲ್ಲ ಹಾಕಿ ಮರೆತ ಪಾತ್ರೆಯ ಹಾಗೆ, ಒಳಗೆಲ್ಲೋ ಸಿಹಿ, ಮೇಲೆಲ್ಲ ಕೆಟ್ಟದ್ದು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಈ ಗುಡ್ಡಗಳಲ್ಲಿ ಹುಟ್ಟಿದ ನಮಗೆ ಅದೇ ಸುಗ್ಗಿಯ ವಾಸನೆ. ಹೋದ ಕುಯ್ಲಿನಲ್ಲಿ ನಾದಿನಿಯ ಮಗಳ ಸೀಮಂತಕ್ಕೆಂದು ಮೂಡಿಗೆರೆಯಿಂದ ಜೀಪಿನಲ್ಲಿ ಹೊರಟಿದ್ದೆ. ಯಾವುದೋ ಹೋಂಸ್ಟೇಯಲ್ಲಿ ಸಮಾರಂಭ ಎಂದಿದ್ದರು, ಯಾವುದು ಎಂದು ನಾನು ಕೇಳಿರಲಿಲ್ಲ. ಕೊಟ್ಟಿಗೆಹಾರ ಕಳೆದು ಸ್ವಲ್ಪ ದೂರಕ್ಕೆ ಜೀಪು ಸಿಲ್ವರ್ ಓಕ್ ಮರಗಳ ಸಾಲಿನೊಳಗೆ ತಿರುಗಿತು, ಆ ವಾಸನೆ ಮುಖಕ್ಕೆ ಬಡಿಯಿತು. ನಾನು ಹುಟ್ಟಿ ಬೆಳೆದ ಎಸ್ಟೇಟು ಅದು. ಹತ್ತನೇ ಕ್ಲಾಸಿನ ವರ್ಷ ಅಲ್ಲಿಂದ ಹೊರಬಿದ್ದವರು ನಾವು. ಮತ್ತೆ ಅಲ್ಲಿ ಕಾಲಿಡುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದೆ. ಆಡಿದ ಮಾತನ್ನು ಜೀಪಿನ ಚಕ್ರ ಮುರಿಯಿತು, ನನ್ನ ಕಾಲಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಅಪ್ಪ ಆ ತೋಟದ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಿಡಿಯುವುದು, ಸಂಜೆ ಕುಯ್ದ ಹಣ್ಣನ್ನು ಅಳೆಸುವುದು ಅವರ ಕೆಲಸ. ನಮಗೆ ಕೊಟ್ಟಿದ್ದ ಮನೆ ಕಾಫಿ ಒಣಗಿಸುವ ಕಣಕ್ಕೆ ಅಂಟಿಕೊಂಡೇ ಇತ್ತು. ಎರಡು ಕೋಣೆ, ಒಂದು ಅಡಿಗೆಮನೆ, ಅಮ್ಮ ತೆಂಗಿನಚಿಪ್ಪಿನಿಂದ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದ್ದ ಕೆಂಪು ನೆಲ. ದೇವರ ಗೂಡಿನ ಪಕ್ಕದ ಕಿಟಕಿಯಿಂದ ಕಣ ಪೂರ್ತಿ ಕಾಣುತ್ತಿತ್ತು. ಸಂಜೆ ಹೆಂಗಸರು ಚೀಲ ಹೊತ್ತು ಬಂದು ಸಾಲು ನಿಲ್ಲುತ್ತಿದ್ದರು. ದುಂಡನೆಯ ತಗಡಿನ ಡಬ್ಬಕ್ಕೆ ಹಣ್ಣು ಸುರಿದರೆ ಗಲಗಲ ಸದ್ದು. ಅಂಚಿನವರೆಗೆ ತುಂಬಿದ ಮೇಲೂ ಸುರಿಯುತ್ತಲೇ ಇರಬೇಕು, ಕೆಂಪು ಹಣ್ಣು ಏರಿ ಏರಿ ಇನ್ನೊಂದು ಹಣ್ಣು ನಿಲ್ಲದೆ ಉರುಳುವ ತನಕ. ಆಗ ಅದು ಒಂದು ಡಬ್ಬ, ಕೂಲಿ ಡಬ್ಬಕ್ಕಿಷ್ಟು ಎಂದು. ಮೇಲೆ ಎದ್ದ ರಾಶಿಗೆ ಗೋಪುರ ಎನ್ನುತ್ತಿದ್ದರು. ಅದು ಲೆಕ್ಕಕ್ಕಿಲ್ಲ, ಅದು ತೋಟ ಕಾಯುವ ಚೌಡಮ್ಮನ ಪಾಲು. ತೋಟದ ಒಡೆಯರಾದ ಸಾಹುಕಾರರ ಅಪ್ಪನ ಕಾಲದಿಂದ ಬಂದ ಪದ್ಧತಿ. ಅಮ್ಮ ದೀಪ ಹಚ್ಚಿ ಕಿಟಕಿಯಲ್ಲಿ ನಿಂತು ಗೋಪುರ ಎದ್ದಾಗಲೆಲ್ಲ ಕೈ ಮುಗಿಯುತ್ತಿದ್ದಳು. ನಾನೂ ಮುಗಿಯುತ್ತಿದ್ದೆ. ದೀಪದ ಎಣ್ಣೆ, ಹಣ್ಣಿನ ಹುಳಿ, ಬೆವರು ಎಲ್ಲ ಬೆರೆತ ಆ ಸಂಜೆ ನನ್ನ ಪಾಲಿಗೆ ದೇವಸ್ಥಾನವೇ ಆಗಿತ್ತು. ಅದನ್ನು ಯಾರು ಹಾಳು ಮಾಡಿದರು ಎಂದು ಕೇಳಿದರೆ ಊರೆಲ್ಲ ಲಲಿತಾ ಟೀಚರ್ ಎನ್ನುತ್ತಿತ್ತು. ಹಾಗೆ ಹೇಳಿದ ಬಾಯಿಗಳ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಲಲಿತಾ ಟೀಚರ್ ಬಯಲುಸೀಮೆಯಿಂದ ನಮ್ಮ ಹೈಸ್ಕೂಲಿಗೆ ಗಣಿತ ಹೇಳಿಕೊಡಲು ಬಂದವರು. ಕಪ್ಪಗೆ, ತೆಳ್ಳಗೆ, ನಮ್ಮ ಚಳಿಗೆ ಸದಾ ಒಂದು ಕಂದು ಸ್ವೆಟರ್. ಲೆಕ್ಕ ಬಿಡಿಸಿ ಉತ್ತರದ ಕೆಳಗೆ ಗೆರೆ ಎಳೆದ ಮೇಲೂ ಸೀಮೆಸುಣ್ಣ ಕೆಳಗಿಡುತ್ತಿರಲಿಲ್ಲ. "ಲೆಕ್ಕ ಸರಿಯಾಯ್ತು. ಇದರಲ್ಲಿ ಯಾರಿಗೆ ಎಷ್ಟು ಸಿಗಬೇಕಿತ್ತು, ಎಷ್ಟು ಸಿಕ್ತು?" ಎಂದು ಕೇಳುತ್ತಿದ್ದರು. ವಿಸ್ತೀರ್ಣದ ಪಾಠಕ್ಕೆ ಕೂಲಿಯವರ ಸಾಲುಮನೆ, ಅಂದರೆ ಲೈನಿನ ಒಂದು ಕೋಣೆ ಅಳೆದು ಬರಲು ಹೇಳಿದರು, ಸಾಹುಕಾರರ ಜೀಪ್ ಶೆಡ್ಡನ್ನೂ ಅಳೆದು ಬರಲು ಹೇಳಿದರು. ಒಂದು ಜೀಪಿಗೆ ಎಷ್ಟು ಜಾಗ, ಒಬ್ಬ ಮನುಷ್ಯನಿಗೆ ಎಷ್ಟು ಜಾಗ ಎಂದು ಭಾಗಿಸಿದಾಗ ಕ್ಲಾಸೆಲ್ಲ ನಕ್ಕಿತು. ಅವರು ನಗಲಿಲ್ಲ. "ಹಕ್ಕು ಅಂದ್ರೆ ಯಾರೋ ದಯೆಯಿಂದ ಕೊಡೋದಲ್ಲ ಮಕ್ಕಳೇ. ಮನುಷ್ಯ ಅಂತ ಹುಟ್ಟಿದ ಮಾತ್ರಕ್ಕೇ ಬರೋದು. ಅದನ್ನ ಅಳೆಯೋದಕ್ಕೆ ನಿಮಗೆ ಬರಬೇಕು" ಎಂದರು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ, "ಲೆಕ್ಕ ಹೇಳ್ಕೊಡೋಕೆ ಬಂದೋರು ಲೆಕ್ಕ ಕೇಳೋಕೆ ನಿಂತ್ರಲ್ಲ ಮಾರಾಯ್ರೆ" ಎಂದು ಗೊಣಗಿದ್ದು ನಮ್ಮ ಕಿವಿಗೂ ಬಿತ್ತು.

ಘನಫಲದ ಪಾಠ ಬಂದದ್ದು ಕುಯ್ಲು ಜೋರಾಗಿದ್ದ ಸಮಯದಲ್ಲಿ. ಟೀಚರ್ ರಟ್ಟಿನಲ್ಲಿ ಒಂದು ಸಿಲಿಂಡರು, ಅಷ್ಟೇ ಅಗಲ ಅಷ್ಟೇ ಎತ್ತರದ ಒಂದು ಶಂಕು ಮಾಡಿ ತಂದರು. ಶಂಕುವಿನಲ್ಲಿ ಮರಳು ತುಂಬಿ ಮೂರು ಸಲ ಸುರಿದರೆ ಸಿಲಿಂಡರು ತುಂಬುತ್ತದೆ ಎಂದು ತೋರಿಸಿದರು. "ಇವೆರಡೂ ಒಟ್ಟಿಗೆ ಇರೋದನ್ನ ಎಲ್ಲಾದ್ರೂ ನೋಡಿದೀರಾ?" ಎಂದು ಕೇಳಿದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಸುಶೀಲ, ನಮ್ಮ ತೋಟದ ಲೈನಿನವಳು, ಹಣ್ಣು ಕುಯ್ಯುವ ಗಿರಿಜಕ್ಕನ ಮಗಳು. ಅವಳು ಎದ್ದು ನಿಂತು, "ಅಳತೆ ಡಬ್ಬ ಟೀಚರ್. ಮೇಲೆ ಚೌಡಮ್ಮನ ಗೋಪುರ" ಎಂದಳು. ಟೀಚರ್ ಅವಳನ್ನೇ ಬೋರ್ಡಿಗೆ ಕರೆದರು. ಗೋಪುರದ ಎತ್ತರ ಡಬ್ಬದ ಎತ್ತರದ ಕಾಲುಭಾಗ ಎಂದು ಸುಶೀಲ ಬರೆದಳು. ಶಂಕುವಾದ್ದರಿಂದ ಅದರಲ್ಲಿ ಮೂರನೇ ಒಂದು, ಅಂದರೆ ಡಬ್ಬದ ಹನ್ನೆರಡನೇ ಒಂದು. ಹನ್ನೆರಡು ಡಬ್ಬ ಅಳೆದವಳು ಹದಿಮೂರು ಡಬ್ಬದ ಹಣ್ಣು ಸುರಿದಿರುತ್ತಾಳೆ. ಗೆರೆ ಎಳೆದು ತಿರುಗಿದವಳ ಮುಖದಲ್ಲಿ ಸಂತೋಷವಿತ್ತು, ಉತ್ತರ ಸರಿ ಬಂದ ಸಂತೋಷ ಅಷ್ಟೇ. ಆ ಉತ್ತರ ಏನೆಂದು ಅವಳಿಗೆ ಅರ್ಥವಾದದ್ದು ಬೆಂಚಿಗೆ ಬಂದು ಕೂತ ಮೇಲೆ. "ನಮ್ಮವ್ವನ ಬೆನ್ನು ಕಣೇ ಅದು" ಎಂದಳು, ಅಷ್ಟು ಮೆಲ್ಲಗೆ.

ಅವತ್ತೇ ಸಂಜೆ ಗಿರಿಜಕ್ಕ ಡಬ್ಬ ಅಂಚಿಗೆ ತುಂಬುತ್ತಿದ್ದ ಹಾಗೆ ಅಂಗೈಯಿಂದ ಸಮ ಮಾಡಿ ಚೀಲದ ಬಾಯಿ ಹಿಡಿದು ನಿಂತಳು. "ಇದು ಒಂದು ಡಬ್ಬ ಆಯ್ತು ರೈಟ್ರೇ" ಎಂದಳು. ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸಾಹುಕಾರರು ಮಾತಾಡಿದರು. "ದೇವಿ ಪಾಲು ಕದಿಯೋ ಕೈ ನಮ್ಮ ತೋಟದಲ್ಲಿ ಬೇಡ. ವಾರದೊಳಗೆ ಲೈನ್ ಖಾಲಿ ಮಾಡ್ಸಿ ರೈಟ್ರೇ." ಅಷ್ಟೇ. ಲೈನು ಹೋದರೆ ಗಿರಿಜಕ್ಕ ಕಳಸದ ಕಡೆಯಲ್ಲೆಲ್ಲೋ ಬೇರೆ ತೋಟ ನೋಡಿಕೊಂಡಾಳು, ಆದರೆ ಸುಶೀಲ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಲೈನಿನ ಹುಡುಗಿಯರಲ್ಲಿ ಹತ್ತನೇ ಕ್ಲಾಸಿನವರೆಗೆ ಬಂದವಳೇ ಅವಳೊಬ್ಬಳು. ಮಾರನೆಯ ದಿನದಿಂದ ಅವಳು ಶಾಲೆಗೆ ಬಂದರೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಭಾನುವಾರ ಟೀಚರ್ ನಮ್ಮ ಮನೆಗೇ ನಡೆದು ಬಂದರು. ಅಪ್ಪ ಕೂತ್ಕೊಳ್ಳಿ ಎನ್ನಲಿಲ್ಲ. ಅಮ್ಮ ಚಾಪೆ ಹಾಸಿದಳು. "ಪಾಠ ಮಾಡಿದೋಳು ನಾನು. ನನ್ನ ಮೇಲೆ ಏನು ಬೇಕಾದ್ರೂ ಮಾಡ್ಲಿ. ಹುಡುಗಿ ಪರೀಕ್ಷೆ ಬರೆಯೋ ತನಕ ಆ ಮನೆ ಉಳಿಸಿಕೊಡಿ" ಎಂದರು. "ನಿಮ್ಮ ಮೇಲೆ ಮಾಡೋದೂ ಆಗಿದೆ ಮೇಡಂ, ವರ್ಗದ ಆರ್ಡರ್ ಬರುತ್ತೆ ನೋಡ್ತಿರಿ" ಎಂದರು ಅಪ್ಪ. "ಬೆಂಕಿ ಹಚ್ಚಿ ಬಸ್ಸು ಹತ್ತೋರು ನೀವು. ಉರಿಯೋದು ನಾವು." ಟೀಚರ್ ತಲೆ ತಗ್ಗಿಸಲಿಲ್ಲ. "ಹೊಗೆ ಮೊದಲೇ ಇತ್ತು ಸಾರ್" ಎಂದರು. ಅಮ್ಮ ಕಾಫಿ ತಂದು ಇಟ್ಟಳು. ಅಪ್ಪನ ಮುಂದೆ ದನಿ ಎತ್ತಿ ಅಭ್ಯಾಸವಿಲ್ಲದವಳು, ಬಾಗಿಲ ಚೌಕಟ್ಟು ಹಿಡಿದು ಕೇಳಿದಳು: "ಟೀಚರಮ್ಮ, ಲೆಕ್ಕ ನಂಗೆ ತಿಳಿಯಲ್ಲ. ಆ ಗೋಪುರದ ಹಣ್ಣು ದೇವರಿಗೆ ಹೋಗಿದ್ರೆ ತಪ್ಪೇನೂ ಇಲ್ಲ ಅಲ್ವಾ?" ಟೀಚರ್ ಎತ್ತಿಕೊಂಡ ಲೋಟವನ್ನು ಕೆಳಗಿಟ್ಟರು. "ಕೊಡೋರು ತಾವಾಗೇ ಕೊಟ್ಟಿದ್ರೆ, ಅದು ಹೋಗಬೇಕಾದಲ್ಲಿಗೇ ಹೋಗಿದ್ರೆ, ಇಲ್ಲ ಅಮ್ಮ" ಎಂದರು. ಆ ಸಂಜೆ ಕಣದಲ್ಲಿ ಗೋಪುರ ಎದ್ದಾಗ ಅಮ್ಮ ಕಿಟಕಿಗೆ ಬಂದು ನಿಂತಳು. ಕೈ ಮಾತ್ರ ಮುಗಿಯಲಿಲ್ಲ.

ಎರಡು ದಿನ ಬಿಟ್ಟು ಚೌಡಿ ಪೂಜೆ. ಕಣದಾಚೆ ನೇರಳೆ ಮರದ ಕೆಳಗೆ ಕುಂಕುಮ ಮೆತ್ತಿದ ಒಂದು ಕಲ್ಲು, ಅದೇ ಚೌಡಮ್ಮ. ವರ್ಷಕ್ಕೊಮ್ಮೆ ಕೋಳಿ ಕೊಯ್ದು, ಕಾಯಿ ಒಡೆದು, ತೋಟದ ಜನರೆಲ್ಲ ಅಲ್ಲೇ ಉಣ್ಣುವುದು. ಕಾಯಿ ಒಡೆಯುವವರು ಸಾಹುಕಾರರು. ಕೋಳಿ, ಕಾಯಿ, ಅಕ್ಕಿ ಎಲ್ಲ ಲೈನಿನವರು ಒಟ್ಟು ಹಾಕಿ ತರುವುದು, ಹಾಗೇ ನಡೆದು ಬಂದಿತ್ತು. ಸಾಹುಕಾರರು ಕಾಯಿ ಎತ್ತಿದ್ದರು. ಅಮ್ಮ ಸೆರಗು ಹೊದ್ದು ಮುಂದೆ ಬಂದಳು.

"ಸಾವ್ಕಾರ್ರೇ, ಒಂದು ಮಾತು ಕೇಳ್ಲಾ?"

"ಕೇಳಮ್ಮ."

"ಡಬ್ಬದ ಗೋಪುರ ಚೌಡಮ್ಮನ ಪಾಲು ಅಂತ ನಾನು ಮದುವೆಯಾಗಿ ಬಂದಾಗಿಂದ ಕೇಳ್ತಾ ಇದೀನಿ. ದಿನಾ ಕೈ ಮುಗಿದಿದೀನಿ. ಆ ಪಾಲು ಎಲ್ಲಿಟ್ಟಿದೀರಿ ಹೇಳಿ, ಅಲ್ಲೂ ಒಂದು ದೀಪ ಹಚ್ಚಿ ಬರ್ತೀನಿ. ಇಲ್ಲಿ ನೋಡಿದ್ರೆ ಕೋಳಿ ಗಿರಿಜಕ್ಕಂದು, ಕಾಯಿ ಲೈನಿನವರದ್ದು."

ಅಮ್ಮ ಕುಹಕವಾಡಿದಳು ಎಂದು ಆಮೇಲೆ ಜನ ಆಡಿಕೊಂಡರು. ಅವಳಿಗೆ ಕುಹಕ ಬರುತ್ತಿರಲಿಲ್ಲ. ನಿಜಕ್ಕೂ ದೀಪ ಹಚ್ಚಲೆಂದೇ ಕೇಳಿದ್ದಳು, ಎಣ್ಣೆ ಬತ್ತಿ ಕೈಯಲ್ಲೇ ಇತ್ತು. ಸಾಹುಕಾರರು ಅಪ್ಪನ ಕಡೆ ತಿರುಗಿ, "ಏನ್ ರೈಟ್ರೇ, ನಿಮ್ಮ ಮನೇಲೂ ಒಬ್ಬರು ಟೀಚರ್ ಇದಾರಲ್ಲ" ಎಂದು ನಕ್ಕರು. ಬೇರೆ ಯಾರೂ ನಗಲಿಲ್ಲ. ಪೂಜೆ ಮಾಡುತ್ತಿದ್ದ ಮುದುಕ ತಲೆ ಎತ್ತದೆಯೇ, "ಚೌಡಮ್ಮನ ಎದುರು ಕೇಳಿದ್ದಕ್ಕೆ ಚೌಡಮ್ಮನ ಎದುರೇ ಹೇಳ್ಬೇಕು ಬುದ್ಧಿ. ಆಮೇಲೆ ಕಾಯಿ" ಎಂದ. ಎತ್ತಿದ ಕಾಯಿ ಎತ್ತಿದಂತೇ ಇತ್ತು. ಕೊನೆಗೆ ಸಾಹುಕಾರರು ಯಾರನ್ನೂ ನೋಡದೆ, "ಆಯ್ತು, ಗಿರಿಜನ ಮಗಳ ಪರೀಕ್ಷೆ ಮುಗಿಯೋ ತನಕ ಅವರು ಲೈನಲ್ಲಿ ಇರ್ಲಿ" ಎಂದು ಕಾಯಿ ಒಡೆದರು. ಕೇಳಿದ್ದಕ್ಕೆ ಉತ್ತರ ಕೊಡದೇ ಇರಲು ಕೇಳದೇ ಇದ್ದದ್ದನ್ನು ಕೊಟ್ಟರು. ದೇವರ ಹೆಸರಲ್ಲಿ ಬಡವರ ಬೆವರು ತಿಂದವರು ದೇವರಿಗೆ ಹೆದರಿದ್ದು ಅಷ್ಟೇ ಅಷ್ಟು. ಆ ಮನುಷ್ಯ ಸತ್ತು ಎಷ್ಟೋ ವರ್ಷವಾಯಿತು, ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಬೈಯುತ್ತಿಲ್ಲ, ಕಂಡದ್ದು ಹೇಳುತ್ತಿದ್ದೇನೆ.

ಟೀಚರಿಗೆ ಸಂಕ್ರಾಂತಿ ಕಳೆಯುತ್ತಲೇ ವರ್ಗವಾಯಿತು. ಬೀಳ್ಕೊಡುಗೆ ಇರಲಿಲ್ಲ. ಬಸ್ಸು ಹತ್ತುವಾಗ ರಟ್ಟಿನ ಶಂಕುವನ್ನು ಸುಶೀಲಳ ಕೈಗೆ ಕೊಟ್ಟರು. ಸುಶೀಲ ಪರೀಕ್ಷೆ ಬರೆದಳು, ಇಂಗ್ಲಿಷಿನಲ್ಲಿ ಹೋಗಿ ಮತ್ತೆ ಕಟ್ಟಿ ಪಾಸಾದಳು, ಈಗ ಕಳಸದ ಹತ್ತಿರ ಅಂಗನವಾಡಿಯಲ್ಲಿದ್ದಾಳೆ. ಕುಯ್ಲು ಮುಗಿಯುತ್ತಲೇ ಅಪ್ಪನಿಗೆ ಕೆಲಸ ಬಿಡಲು ಹೇಳಿದರು. ಮೂಡಿಗೆರೆಯ ಬಾಡಿಗೆ ಮನೆಯಲ್ಲಿ ಅಪ್ಪ ತಿಂಗಳುಗಟ್ಟಲೆ ಅಮ್ಮನೊಡನೆ ಮಾತು ಬಿಟ್ಟಿದ್ದರು. ಆಮೇಲೆ ಮಾತಾಡಿದರು, ಆ ವಿಷಯವೊಂದನ್ನು ಬಿಟ್ಟು. ನಾನು ಗೊಣಗಿದರೆ ಅಮ್ಮ, "ಒಂದು ಹುಡುಗಿ ಪರೀಕ್ಷೆ ಬರೆದಳಲ್ಲ, ಸಿಕ್ಕಿದ್ದನ್ನ ಕಣ್ಣಿಗೊತ್ತಿಕೋ" ಎನ್ನುತ್ತಿದ್ದಳು. ಒತ್ತಿಕೊಳ್ಳುತ್ತೇನೆ. ಸಿಟ್ಟೂ ಇಟ್ಟುಕೊಂಡಿದ್ದೇನೆ. ಎರಡಕ್ಕೂ ಎದೆಯಲ್ಲಿ ಜಾಗವಿದೆ.

ಸೀಮಂತದ ಊಟ ಮುಗಿಸಿ ಹುಡುಕುತ್ತಾ ಹೋದೆ. ನಮ್ಮ ಎರಡು ಕೋಣೆ ಒಂದಾಗಿ, ಗೋಡೆಗೆ ಗಾಜು ಬಂದು, ಬಂದವರು ಕೂರುವ ಜಗಲಿಯಾಗಿದೆ. ನೆಲ ಮಾತ್ರ ಅದೇ ಕೆಂಪು. ದೇವರ ಗೂಡು ಇದ್ದಲ್ಲಿ ಆ ಡಬ್ಬ! ಹಳದಿ ಬಣ್ಣ ಬಳಿದು, ಮಣ್ಣು ತುಂಬಿ, ಒಂದು ಹೂವಿನ ಗಿಡ ನೆಟ್ಟಿದ್ದರು. ಮಣ್ಣು ಅಂಚು ಮೀರಿ ಗೋಪುರವಾಗಿ ಎದ್ದಿತ್ತು. ಈಗ ಹೋಂಸ್ಟೇ ನಡೆಸುವ ಸಾಹುಕಾರರ ಮನೆಯ ಸೊಸೆ, ಪಾಪ, ಒಳ್ಳೆಯ ಹುಡುಗಿ, "ಆಂಟಿ, ಅದು ನಮ್ಮ ತಾತನ ಕಾಲದ್ದು, ತುಂಬಾ ಲಕ್ಕಿ ಅಂತೆ" ಎಂದಳು. ನಾನು ಗಿಡದ ಬೇರಿಗೆ ನೋವಾಗದ ಹಾಗೆ ಅಂಚಿನ ಮೇಲೆ ಅಂಗೈ ಆಡಿಸಿ ಸಮ ಮಾಡಿದೆ. ಮಣ್ಣು ಅಮ್ಮನ ನೆಲದ ಮೇಲೆ ಸುರಿಯಿತು. "ಅಯ್ಯೋ ಆಂಟಿ, ಎಂತ ಮಾಡ್ತಿದೀರಿ!"

"ಯಾರದ್ದೋ ಪಾಲು ಕಣಮ್ಮ, ತಲುಪಿಸಿ ಬರ್ತೀನಿ" ಎಂದು ಬಿದ್ದದ್ದನ್ನೆಲ್ಲ ಸೆರಗಿನಲ್ಲಿ ಬಳಿದುಕೊಂಡೆ.

ನೇರಳೆ ಮರ ಇನ್ನೂ ಇದೆ. ಕಲ್ಲಿನ ಮೇಲೆ ಕುಂಕುಮವಿಲ್ಲ, ಎಲೆ ಬಿದ್ದು ಮುಚ್ಚಿಹೋಗಿತ್ತು. ಗುಡಿಸಿ, ಸೆರಗು ಬಿಚ್ಚಿ, ಮಣ್ಣನ್ನು ಅದರ ಮುಂದೆ ಸುರಿದೆ. ಅದು ತಾನಾಗಿಯೇ ಒಂದು ಪುಟ್ಟ ಗೋಪುರವಾಗಿ ನಿಂತಿತು. ಅಮ್ಮ ಮುಗಿಯದೆ ಬಿಟ್ಟ ಕೈಯನ್ನು ನಾನು ಮುಗಿದೆ. ಅದೊಂದನ್ನು ಸಮ ಮಾಡಲಿಲ್ಲ.