ಹೊಟ್ಟೆ ಸುಮ್ಮನಾದ ದಿನ

ಗಂಭೀರವಾದ ಸಭೆಯಲ್ಲಿ, ಭಾಷಣಕಾರರು ಉಸಿರೆಳೆದುಕೊಳ್ಳಲು ನಿಂತ ಆ ಒಂದೇ ಕ್ಷಣವನ್ನು ಹೊಂಚುಹಾಕಿ ನನ್ನ ಹೊಟ್ಟೆ ಗುಳುಗುಳು ಎನ್ನುತ್ತದೆ. ಇಂಥ ಅವಮಾನ ನಿಮಗೂ ಆಗಿರಬಹುದು. ಮೊದಲೆಲ್ಲ ನಾನು ಕೆಮ್ಮಿ ಅದನ್ನು ಮುಚ್ಚಿಹಾಕುತ್ತಿದ್ದೆ.

2004ರ ಒಂದು ಭಾನುವಾರ ಹಂಗಾರಕಟ್ಟೆಯ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ದೋಣಿ ಕಟ್ಟುವ ಭಾವ, ಹಲಗೆಯ ಕೂದಲೆಳೆಯಷ್ಟು ಬಿರುಕನ್ನೂ ಬೆರಳಿನಿಂದಲೇ ಪತ್ತೆಹಚ್ಚುವವರು, ಮಾತಿನ ಭರದಲ್ಲಿ ಮೀನಿನ ಮುಳ್ಳೊಂದನ್ನು ಪತ್ತೆಹಚ್ಚದೆ ನುಂಗಿ ಗಂಟಲು ಹಿಡಿದುಕೊಂಡರು. ನಮ್ಮ ಕಡೆ ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು: ಕುಚ್ಚಲಕ್ಕಿ ಅನ್ನವನ್ನು ಬಿಗಿಯಾಗಿ ಉಂಡೆ ಕಟ್ಟಿ, ಜಗಿಯದೆ ನುಂಗುವುದು. ಉಂಡೆ ಕಟ್ಟಿದವನು ಪ್ರಾಣಿಶಾಸ್ತ್ರದ ಪದವೀಧರನಾದ ನಾನೇ.

"ಅಗೀಬೇಡಿ ಭಾವ, ಹಾಂಗೇ ನುಂಗಿ."

ನುಂಗಿದರು. ಮುಳ್ಳು ಇಳಿಯಿತು. ಭಾವ ಅಕ್ಕನತ್ತ ತಿರುಗಿ, "ಹ್ವಾಯ್, ನಿನ್ ತಮ್ಮ ಕಾಲೇಜಿಗ್ ಹೋದ್ದ್ ಸಾರ್ಥಕ ಆಯ್ತ್ ಕಾಣ್!" ಎಂದರು.

"ಮುಳ್ ಎಲ್ಲ್ ಹೋಯ್ತಾ?" ಅಕ್ಕನ ಮುಖ ಇನ್ನೂ ಬಿಳಿಚಿಕೊಂಡಿತ್ತು.

"ಹೊಟ್ಟೆಗೆ. ಅಲ್ಲ್ ಎಲ್ಲಾ ಕರಗತ್ತ್," ಎಂದೆ.

ಎಲ್ಲವೂ ಕರಗುವುದಿಲ್ಲ. ಮುಂದಿನ ಮೂರು ದಿನ ಭಾವನ ಒಳಗೆ ನಡೆದದ್ದನ್ನು ನಾನು ಈಗಲೂ ಕಣ್ಣಾರೆ ಕಂಡಂತೆಯೇ ಊಹಿಸಿಕೊಳ್ಳುತ್ತೇನೆ. ಬೆಳಕೆಂದರೇನೆಂದೇ ಅರಿಯದ ಆ ಓಣಿಯಲ್ಲಿ ಜಠರದ ಆಮ್ಲ ಅನ್ನವನ್ನು ಅಂಬಲಿಯಾಗಿಸಿತು. ಪಿತ್ತರಸ ತೆಂಗಿನ ಜಿಡ್ಡನ್ನು ಹನಿಹನಿಯಾಗಿ ಒಡೆಯಿತು. ಸಣ್ಣಕರುಳಿನ ಗೋಡೆಯಿಂದ ಚಾಚಿದ ಲೆಕ್ಕವಿಲ್ಲದ ಪುಟ್ಟ ಬೆರಳುಗಳು ಬಂದದ್ದನ್ನೆಲ್ಲ ತಡವಿ, ಸಾರವನ್ನು ಹೀರಿ ರಕ್ತಕ್ಕೆ ದಾಟಿಸಿದವು. ಆ ಅನ್ನದ ಬಲದಿಂದಲೇ ಭಾವ ಸೋಮವಾರ ಉಳಿ ಹಿಡಿದರು. ಆ ಅನ್ನದ ಬೆನ್ನಿಗೇ ಮುಳ್ಳು ಒಂದೊಂದು ತಿರುವನ್ನೂ ದಾಟುತ್ತಿತ್ತು. ಕರುಳು ಅದನ್ನೂ ಊಟವೆಂದೇ ನಂಬಿ, ನಿಷ್ಠೆಯಿಂದ ಮುಂದಕ್ಕೆ ತಳ್ಳುತ್ತಿತ್ತು.

ಬುಧವಾರ ಮಧ್ಯಾಹ್ನ ಭಾವ ಕೆಲಸದ ಮಧ್ಯೆ ಕುಸಿದರು. ಹೊಟ್ಟೆ ಅವರದೇ ಹಲಗೆಯಂತೆ ಗಟ್ಟಿಯಾಗಿತ್ತು. ಬ್ರಹ್ಮಾವರದ ವೈದ್ಯರು ಸ್ಟೆತಸ್ಕೋಪನ್ನು ಹೊಟ್ಟೆಯ ಮೇಲೆ ನಾಲ್ಕು ಕಡೆ ಇಟ್ಟರು, ಮತ್ತೆ ಮೊದಲಿನ ಕಡೆಯೇ ಇಟ್ಟು ತುಂಬಾ ಹೊತ್ತು ಆಲಿಸಿದರು. "ಒಳಗೆ ಶಬ್ದವೇ ಇಲ್ಲ, ಕರುಳು ನಿಂತಿದೆ," ಎಂದರು. "ಕೂಡಲೇ ಆಪರೇಷನ್ ಆಗಬೇಕು."

ಸಣ್ಣಕರುಳಿನ ಕೊನೆಯಲ್ಲಿ, ದೊಡ್ಡಕರುಳಿಗೆ ಸೇರುವ ಕಿರಿದಾದ ಜಾಗದಲ್ಲಿ, ಮುಳ್ಳು ಗೋಡೆಯನ್ನು ತೂತು ಮಾಡಿತ್ತು. ಆಪರೇಷನ್ ಮಾಡಿ ಅದನ್ನು ತೆಗೆದು, ತೂತನ್ನು ಹೊಲಿದರು. ಕರುಳು ಸದ್ದು ಮಾಡುವ ತನಕ ಒಂದು ಹನಿ ನೀರನ್ನೂ ಕೊಡುವಂತಿಲ್ಲ, ಸದ್ದು ಬಂದರೆ ಬದುಕಿದರೆಂದೇ ಲೆಕ್ಕ ಎಂದರು. ಆ ಮುಳ್ಳನ್ನು ಒಳಗೆ ತಳ್ಳಿದ್ದು ನಾನು ಕಟ್ಟಿದ ಉಂಡೆಯೇ. ಮೂರು ದಿನ ಆ ಹೊಟ್ಟೆ, ನೀರಿಳಿದ ಹೊಳೆಯಂತೆ, ಸುಮ್ಮನಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹೊದಿಕೆ ಸರಿಪಡಿಸಲು ಬಗ್ಗಿದಾಗ, ದೋಣಿಯ ಅಡಿಯಲ್ಲಿ ನೀರು ಹೊರಳಿದಂತೆ ಏನೋ ಕೇಳಿಸಿತು. ಹೊಟ್ಟೆಗೇ ಕಿವಿಯಿಟ್ಟೆ. ಭಾವ ಒಂದು ಕಣ್ಣು ತೆರೆದರು.

"ಎಂತ, ಹೊಟ್ಟಿಗ್ ಕೆಮಿ ಕೊಟ್ಕಂಡ್ ನಿಂತಿದ್ಯಲೆ? ಹಸಿವ್ ಆತಿತ್ತ್. ನಿನ್ ಉಂಡಿ ಮಾತ್ರ ಬ್ಯಾಡ ಮಾರಾಯ."

ಈಗಲೂ ಅಕ್ಕನ ಮನೆಯಲ್ಲಿ ಮೀನಿನ ಊಟವಿರುತ್ತದೆ. ಕೈತೊಳೆದು ಬಂದ ಭಾವ ಮಾತು ನಿಲ್ಲಿಸಿದರೆ ಸಾಕು, ಅಕ್ಕನೂ ನಾನೂ ಪರಸ್ಪರ ಮುಖ ನೋಡದೆ, ಉಸಿರು ಹಿಡಿದು ಕಾಯುತ್ತೇವೆ. ಸಾಮಾನ್ಯವಾಗಿ ಮೊದಲು ಗುಳುಗುಳು ಎನ್ನುವುದು ನನ್ನ ಹೊಟ್ಟೆಯೇ. ನಾನು ಕೆಮ್ಮುವುದಿಲ್ಲ. ಕೆಮ್ಮಿದರೆ ಭಾವನದು ಕೇಳಿಸದೇ ಹೋಗಬಹುದು.