ವರ್ತೂರಿನಿಂದ ಪೀಣ್ಯಕ್ಕೆ ಒಂದು ಜೊತೆ ಸ್ಕೀ

ಭಾನುವಾರ ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೆಟ್ರೋ ಹತ್ತಿದಾಗ ನನ್ನ ಬೆನ್ನಚೀಲದಲ್ಲಿ ಒಂದು ಜೊತೆ ಸ್ಕೀ ಬೂಟುಗಳಿದ್ದವು, ಮೊಬೈಲಿನಲ್ಲಿ ಜನವರಿಗೆ ಶ್ರೀನಗರದ ಎರಡು ವಿಮಾನ ಟಿಕೆಟ್‌ಗಳಿದ್ದವು. ಒಂದು ನನ್ನದು. ಇನ್ನೊಂದು ನಮ್ಮಣ್ಣ ಶಶಿಯದು, ಆದರೆ ಆ ವಿಷಯ ಅವನಿಗೇ ಗೊತ್ತಿರಲಿಲ್ಲ. ದಾರಿಯಲ್ಲಿ ಎಲ್ಲಾದರೂ ಅವನ ಮುಖ ನೋಡಿಕೊಂಡು ಹೇಳೋಣ ಎಂದುಕೊಂಡಿದ್ದೆ.

ಸ್ಟೇಷನ್ನಿನ ತಪಾಸಣೆಯಲ್ಲಿ ಕೂತಿದ್ದ ಹೆಂಗಸು ಪರದೆಯ ಮೇಲೆ ಬೂಟುಗಳನ್ನು ನೋಡಿ, "ಏನ್ ಮೇಡಂ ಇದು, ರೋಬೋಟ್ ಕಾಲಾ?" ಎಂದು ಕೇಳಿದಳು. ಹಿಮದ ಮೇಲೆ ಜಾರುವ ಆಟದ್ದು ಎಂದೆ. "ಇಲ್ಲೆಲ್ಲಿ ಮೇಡಂ ಹಿಮ?" ಎಂದು ನಕ್ಕು ಒಳಗೆ ಬಿಟ್ಟಳು. ನನಗೂ ಶಶಿಯಣ್ಣನಿಗೂ ಈ ಹುಚ್ಚು ಹಿಡಿಸಿದ್ದು ಅಪ್ಪ ಕೆಲಸ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಯ ಸಾಹಸ ಕ್ಲಬ್ಬು. ನೌಕರರ ಮಕ್ಕಳು ಎಂದು ರಿಯಾಯಿತಿಯಲ್ಲಿ ನಮ್ಮನ್ನು ಗುಲ್ಮಾರ್ಗಕ್ಕೆ ಕಳಿಸಿದ್ದರು. ಉಳಿದ ಮಕ್ಕಳು ಒಂದು ಸಲ ಬಿದ್ದು ಎದ್ದು, ಫೋಟೋ ತೆಗೆಸಿಕೊಂಡು ಮರೆತರು. ನಾವು ಮರೆಯಲಿಲ್ಲ. ಹೆಚ್ಚುಕಡಿಮೆ ಪ್ರತಿ ಚಳಿಗಾಲವೂ ಹೋದೆವು, ಹೋದಾಗಲೆಲ್ಲ ಒಟ್ಟಿಗೇ.

ಮೆಜೆಸ್ಟಿಕ್‌ನಲ್ಲಿ ಶಶಿಯಣ್ಣ ಸಿಕ್ಕ. ಮಫ್ಲರ್ ಸುತ್ತಿಕೊಂಡು, ಎಡಗಾಲನ್ನು ಸ್ವಲ್ಪ ಜೋಪಾನ ಮಾಡುತ್ತ ಎಸ್ಕಲೇಟರ್ ಇಳಿದು ಬಂದ. ಅಲ್ಲಿಂದ ವೈಟ್‌ಫೀಲ್ಡ್‌ಗೆ ಒಟ್ಟಿಗೆ ಹೊರಟೆವು. ನನ್ನ ಪೂರ್ತಿ ಪ್ರಯಾಣಕ್ಕೆ ತೊಂಬತ್ತು ರೂಪಾಯಿ ಆಗಿತ್ತು. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಅತ್ತಿಗೆ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿಯನ್ನು ಮೆಟ್ರೋದಲ್ಲಿ ತಿನ್ನುವ ಹಾಗಿಲ್ಲ ಎಂದು ಅವನಿಗೆ ಇಡೀ ದಾರಿ ಸಂಕಟ.

ಅವನ ಕಾಲಿನ ಕಥೆ ಹೇಳಬೇಕು. ಪೀಣ್ಯದಲ್ಲಿ ಅವನದು ಚಿಕ್ಕ ವರ್ಕ್‌ಶಾಪ್. ಯಂತ್ರದ ಮೇಲೆ ಬಿಡಿಭಾಗ ಅಲುಗದಂತೆ ಕಚ್ಚಿ ಹಿಡಿಯುವ ಫಿಕ್ಸ್‌ಚರ್‌ಗಳನ್ನು ಮಾಡುತ್ತಾನೆ. ಹಿಡಿದದ್ದನ್ನು ಬಿಟ್ಟುಬಿಡುವ ಫಿಕ್ಸ್‌ಚರ್ ನೇರ ಗುಜರಿಗೆ ಹೋಗುತ್ತದೆ. ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವ ಬೈಂಡಿಂಗ್ ಹಾಗಲ್ಲ, ಬಿದ್ದಾಗ ಕಾಲು ತಿರುಚುವ ಮೊದಲೇ ಅದು ಬೂಟನ್ನು ಬಿಡಬೇಕು. ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ಒಂದು ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಕಳೆದ ಚಳಿಗಾಲ ಇಳಿಜಾರಿನಲ್ಲಿ ಅವನ ಸ್ಕೀ ಒಮ್ಮೆ ತಾನಾಗಿ ಕಳಚಿಕೊಂಡಿತು. ಅವನಿಗೆ ಅವಮಾನವಾಯಿತು. ಇಪ್ಪತ್ತೈದು ವರ್ಷದ ಕಸುಬಿನ ಕೈ ಸುಮ್ಮನಿರುತ್ತದೆಯೇ? ಸ್ಕ್ರೂವನ್ನು ಕೊನೆಯವರೆಗೂ ಬಿಗಿದ. ಮಾರನೆಯ ದಿನ ಬಿದ್ದಾಗ ಬೈಂಡಿಂಗ್ ಬಿಡಲಿಲ್ಲ, ಮಂಡಿ ಬಿಟ್ಟಿತು.

ಆಪರೇಷನ್ ಆಗಿ ಈಗ ವಾಸಿಯಾಗಿದೆ. ಮತ್ತೆ ಹೋಗಬಹುದು ಎಂದು ಡಾಕ್ಟರೇ ಹೇಳಿದ್ದಾರೆ. ಇವನು ಮಾತ್ರ ಹೂಂ ಅನ್ನುವುದಿಲ್ಲ, ಊಹೂಂ ಅಂತಲೂ ಅನ್ನುವುದಿಲ್ಲ. ಒಳ್ಳೆಯ ಸ್ಕೀ ಕಣ್ಣಿಗೆ ಬಿದ್ದರೆ ಮನಸ್ಸು ಕರಗೀತು ಎಂಬ ಆಸೆಯಿಂದಲೇ, ನನ್ನ ಸ್ಕೀ ಆರಿಸಿಕೊಡು ಬಾ ಎಂದು ಅವನನ್ನು ಎಳೆದುಕೊಂಡು ಹೊರಟಿದ್ದೆ.

ವೈಟ್‌ಫೀಲ್ಡ್‌ನಿಂದ ವರ್ತೂರಿಗೆ ಆಟೋದವನು ನೂರೆಂಬತ್ತು ಕೇಳಿದ, ಕೊಟ್ಟೆವು. ಮೋಡ ಕವಿದು ತುಂತುರು ಹನಿಯುತ್ತಿತ್ತು. ಕೆರೆ ಹತ್ತಿರವಾದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ಕೆರೆಯ ಪಕ್ಕದ ಸೊಪ್ಪಿನ ಮಡಿಗಳನ್ನು ದಾಟಿದರೆ ಒಂದು ಅಪಾರ್ಟ್‌ಮೆಂಟ್. ಅದರ ಒಂಬತ್ತನೇ ಮಹಡಿಯಲ್ಲಿ ಯುರೋಪಿನಿಂದ ವಾಪಸಾದ ರೆಡ್ಡಿ ಎಂಬ ಎಂಜಿನಿಯರ್ ಎರಡು ಜೊತೆ ಸ್ಕೀ ಮಾರಲಿಕ್ಕಿಟ್ಟಿದ್ದರು. "ಬಾಲ್ಕನಿ ಖಾಲಿ ಮಾಡು, ಇಲ್ಲಾಂದ್ರೆ ನಿನ್ನನ್ನೂ ಅಲ್ಲೇ ನಿಲ್ಲಿಸ್ತೀನಿ ಅಂದಿದಾಳೆ ನನ್ನ ವೈಫು," ಎಂದು ಕಾಫಿ ಕೊಟ್ಟರು.

ಯಂತ್ರ ಓಡಿಸಿ ಸಮ ಮಾಡಿದ ಹಾದಿ ಬಿಟ್ಟು, ಬಿದ್ದ ಹಾಗೇ ಇರುವ ಹಿಮದಲ್ಲಿ ಇಳಿಯುವುದಕ್ಕೆ ಫ್ರೀರೈಡ್ ಎನ್ನುತ್ತಾರೆ, ನಮ್ಮ ಹುಚ್ಚು ಅದೇ. ಕಿರಿದಾದ ಸ್ಕೀ ಅಲ್ಲಿ ಹೂತುಹೋಗುತ್ತದೆ. ಮೊದಲ ಜೊತೆ ನಡುವಿನಲ್ಲಿ ನೂರಹದಿನಾರು ಮಿಲಿಮೀಟರ್ ಅಗಲ, ನನಗಿಂತ ಒಂದು ಗೇಣು ಎತ್ತರ, ಬೆಟ್ಟವನ್ನು ನಡೆದು ಹತ್ತುವುದಕ್ಕೆಂದು ಮಾಡಿದ ಹಗುರ ಬೈಂಡಿಂಗ್ ಬೇರೆ. ಎರಡನೆಯದು ನೂರನಾಲ್ಕು ಅಗಲದ್ದು, ಬರಿಯ ಸ್ಕೀ. ಅದರ ಜೊತೆಗೆ ಡಬ್ಬಿಯಿಂದ ಹೊರಗೇ ತೆಗೆಯದ ಗಟ್ಟಿ ಬೈಂಡಿಂಗ್.

ಶಶಿಯಣ್ಣ ಸ್ಕೀಗಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನುದ್ದಕ್ಕೂ ನೋಡಿದ. ಅಡಿಭಾಗಕ್ಕೆ ಅಡಿಭಾಗ ಸೇರಿಸಿ ಹಿಂಡಿದ. ಮೇಲ್ಮೈಯನ್ನು ಬೆರಳಿಂದ ತಡವಿದ.

"ಹಳೇ ತೂತು ಹುಡುಕ್ತಿದೀನಿ ಕಣೇ. ಬೈಂಡಿಂಗ್ ಕೂರಿಸೋಕೆ ಎರಡು ಸಲ ಕೊರೆದಿದ್ರೆ ಪರವಾಗಿಲ್ಲ. ಮೂರನೇ ಸಲ ಕೊರೆದ ಸ್ಕೀನ ನಾನಂತೂ ನಂಬಲ್ಲ, ಸ್ಕ್ರೂ ಕಿತ್ಕೊಂಡು ಬರತ್ತೆ."

"ಅಗಲದ್ದೇ ತಗೋಳ್ಲಾ?"

"ನಿನ್ನ ತೂಕಕ್ಕೆ ಅದು ಬಾಗೋದೇ ಇಲ್ಲ, ಅದೇ ನಿನ್ನ ಎಳ್ಕೊಂಡು ಹೋಗತ್ತೆ. ಗುಲ್ಮಾರ್ಗದಲ್ಲಿ ಹತ್ತೋಕೆ ರೋಪ್‌ವೇ ಇದೆ, ಹಗುರದ ಬೈಂಡಿಂಗ್ ಇಟ್ಕೊಂಡು ಏನ್ಮಾಡ್ತೀಯ? ಅದಕ್ಕೆ ನಿನ್ನ ಬೂಟೂ ಕೂರಲ್ಲ. ನೂರನಾಲ್ಕರದ್ದು ಸಕ್ಕತ್ತಾಗಿದೆ, ಸುಮ್ನೆ ತಗೋ."

ಅವನು ಹೇಳಿದ್ದು ಸರಿಯಾಗಿತ್ತು. ಆದರೆ ಅಗಲದ ಸ್ಕೀ ಅವನ ಎತ್ತರಕ್ಕೆ, ಅವನ ತೂಕಕ್ಕೆ ಹೇಳಿ ಮಾಡಿಸಿದಂತಿತ್ತು. "ನೀವ್ ಒಂದ್ಸಲ ನಿಂತ್ ನೋಡಿ ಸಾರ್," ಎಂದು ರೆಡ್ಡಿಯವರೇ ಅದನ್ನು ಕಾರ್ಪೆಟ್ ಮೇಲೆ ಹಾಸಿದರು. ಶಶಿಯಣ್ಣ ಬರಿಗಾಲಿನಲ್ಲಿ ಹತ್ತಿ ನಿಂತ. ಮಂಡಿ ತಾನಾಗಿ ಬಾಗಿತು, ಕೈಗಳು ಕೋಲು ಹಿಡಿದ ಹಾಗೆ ಮುಂದೆ ಬಂದವು. ಒಂದು ಗಳಿಗೆ ಅವನು ವರ್ತೂರಿನಲ್ಲಿರಲಿಲ್ಲ.

ಆಗ ಹೇಳಬೇಕಿತ್ತು. ಎರಡು ಟಿಕೆಟ್ ಇದೆ ಅಣ್ಣಾ, ಇದನ್ನ ನೀನು ತಗೋ, ಹೋಗೋಣ ಎನ್ನಬೇಕಿತ್ತು. ಅವನಾಗಿಯೇ ಬಾಯಿ ಬಿಡಲಿ ಎಂದು ಕಾದೆ. ಅವನು ಕೆಳಗಿಳಿದು, ಮಂಡಿಯನ್ನು ಒಮ್ಮೆ ಸವರಿಕೊಂಡು, "ಎತ್ತಿಡಿ ಸಾರ್, ಒಳ್ಳೇ ಮಾಲು," ಎಂದ. ನಾನು ನೂರನಾಲ್ಕರ ಸ್ಕೀಗಷ್ಟೇ ಹಣ ಕೊಟ್ಟೆ.

ಅಷ್ಟುದ್ದದ ಸಾಮಾನಿಗೆ ಮೆಟ್ರೋದಲ್ಲಿ ಬಿಡುವುದಿಲ್ಲ. ಮಾರತ್ತಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ರಿಂಗ್ ರೋಡಿನಲ್ಲಿ ಹೆಬ್ಬಾಳದ ಮೇಲೆ ಗೊರಗುಂಟೆಪಾಳ್ಯಕ್ಕೆ ಇನ್ನೊಂದು. ಎರಡನೆಯ ಬಸ್ಸಿನ ಕಂಡಕ್ಟರ್, "ಏನ್ ಗುರು, ಕಿಟಕಿ ಪಟ್ಟಿನಾ?" ಎಂದು ಶಶಿಯಣ್ಣನನ್ನು ಕೇಳಿ ಲಗೇಜಿಗೂ ಟಿಕೆಟ್ ಹರಿದ. ಬಸ್ಸಿನಲ್ಲಿ ತಿನ್ನಬಾರದೆಂಬ ಕಾನೂನಿಲ್ಲವಲ್ಲ, ರೊಟ್ಟಿ ಬಿಚ್ಚಿದೆವು. ಮೆಟ್ರೋ ಕಾಮಗಾರಿಯಿಂದ ಟ್ರಾಫಿಕ್ ನಿಂತೂ ನಿಂತೂ ಹೋಗುತ್ತಿತ್ತು, ಮಾತಿಗೆ ಬೇಕಾದಷ್ಟು ಸಮಯವಿತ್ತು. ಅವನು ಹೊಸ ಬೈಂಡಿಂಗಿನ ಸ್ಪ್ರಿಂಗ್ ಬಗ್ಗೆ ಮಾತಾಡಿದ, ನಾನು ಅತ್ತಿಗೆಯ ಚಟ್ನಿಪುಡಿ ಬಗ್ಗೆ ಮಾತಾಡಿದೆ.

ಪೀಣ್ಯ ಭಾನುವಾರ ಗುರುತೇ ಸಿಗುವುದಿಲ್ಲ. ಲೇತುಗಳ ಸದ್ದಿಲ್ಲ, ಟೀ ಅಂಗಡಿ ಮುಚ್ಚಿತ್ತು. ಶಶಿಯಣ್ಣ ವರ್ಕ್‌ಶಾಪಿನ ಶಟರ್ ಅರ್ಧ ಎತ್ತಿದ. ಬೂಟಿನ ಅಟ್ಟೆಯ ಉದ್ದ ಅಳೆದು, ಸ್ಕೀ ಮೇಲೆ ಬೈಂಡಿಂಗ್ ಕೂರುವ ಜಾಗವನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿದ. ತೂತು ಸ್ವಲ್ಪ ಆಳವಾದರೂ ಡ್ರಿಲ್ ಅಡಿಭಾಗಕ್ಕೆ ಬಂದುಬಿಡುತ್ತದೆ, ಆಮೇಲೆ ಸ್ಕೀ ಕೆಟ್ಟಂತೆಯೇ.

"ಕೊರಿ ಮತ್ತೆ," ಎಂದೆ.

"ಟ್ರಯಲ್ ಪೀಸ್ ಇಲ್ದೆ ಯಾವತ್ತಾದ್ರೂ ಕೆಲಸ ಮುಟ್ಟಿದೀನಾ?"

ಪೀಣ್ಯದಲ್ಲಿ ಅದು ವಾಡಿಕೆ. ಗಿರಾಕಿಯ ಮಾಲಿಗೆ ಕೈ ಹಾಕುವ ಮೊದಲು ಅಂಥದೇ ಒಂದು ಬೇಡದ ತುಂಡಿನ ಮೇಲೆ ಕೊರೆದು ನೋಡುತ್ತಾರೆ. ಅವನು ಅಟ್ಟದಿಂದ ಬಟ್ಟೆ ಸುತ್ತಿದ ಏನನ್ನೋ ಇಳಿಸಿದ. ಬಿಚ್ಚಿದಾಗ ನೋಡಿದರೆ ಅವನದೇ ನೀಲಿ ಸ್ಕೀ. ಬೈಂಡಿಂಗ್ ಆಗಲೇ ಬಿಚ್ಚಿದ್ದ. ಎರಡು ಸಲ ಕೊರೆದ ಗುರುತುಗಳು ಸಾಲಾಗಿ ಕಾಣುತ್ತಿದ್ದವು.

"ಅಣ್ಣಾ, ಬೇಡ. ಬೇರೆ ಏನಾದ್ರೂ ತಗೋ."

"ಸ್ಕೀ ಥರಾನೇ ಇರೋ ತುಂಡು ಪೀಣ್ಯದಲ್ಲಿ ಇನ್ನೆಲ್ಲಿ ಸಿಗತ್ತೆ ಪುಟ್ಟಿ?"

ಡ್ರಿಲ್ ಇಳಿಯಿತು. ಬಿಳಿಯ ಪುಡಿ ಸುರುಳಿಯಾಗಿ ಎದ್ದಿತು. ಮೊದಲ ತೂತು ಅಡಿಭಾಗ ದಾಟಿ ಆಚೆ ಬಂತು. "ನೋಡಿದ್ಯಾ? ನಿನ್ನದ್ರಲ್ಲಿ ಆಗಿದ್ರೆ?" ಎಂದು ಆಳ ಸರಿಮಾಡಿ ಇನ್ನೊಂದು ತೂತು ಕೊರೆದ. ಆಮೇಲೆ ನನ್ನ ಸ್ಕೀಯನ್ನು ಕೊರೆದು, ಬೈಂಡಿಂಗ್ ಕೂರಿಸಿ, ಸ್ಕ್ರೂವನ್ನು ನನ್ನ ತೂಕಕ್ಕೆ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಿದ. ಬೂಟು ಹಾಕಿಸಿ, ಕಾಲನ್ನು ಪಕ್ಕಕ್ಕೆ ತಿರುಚು ಎಂದ. ಪಟ್ಟೆಂದು ಬಿಟ್ಟುಕೊಂಡಿತು. ಅವನ ಮುಖ ಅರಳಿತು. ನನಗೆ ಅಳು ಬಂತು, ಬೂಟಿನ ಪಟ್ಟಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.

ಆಟೋ ಕರೆಸಿ, ಸ್ಕೀಯ ಮೂತಿ ಹೊರಗೆ ಚಾಚಿಕೊಂಡಂತೆ ಕಟ್ಟಿದ. ಮೂತಿಗೆ ತನ್ನ ಮಫ್ಲರ್ ಸುತ್ತಿದ.

"ಟಿಕೆಟ್ ಮಾಡಿಸಿದ್ಯಾ?"

"ಮಾಡಿಸಿದೀನಿ."

"ಒಬ್ಬಳದ್ದೇನಾ?"

ನನ್ನ ಮುಖವನ್ನು ಅವನು ನೇರವಾಗಿ ನೋಡುತ್ತಿದ್ದ. "ಹೂಂ, ಒಬ್ಬಳದ್ದೇ," ಎಂದೆ. "ಒಳ್ಳೇದಾಯ್ತು," ಎಂದು ಆಟೋದ ಬೆನ್ನು ತಟ್ಟಿದ.

ತಿರುವಿನಲ್ಲಿ ಹೊರಳಿ ನೋಡಿದೆ. ಅರ್ಧ ಎತ್ತಿದ ಶಟರಿನ ಕೆಳಗೆ ಅವನ ಕಾಲುಗಳು, ಪೊರಕೆಯ ತುದಿ ಅಷ್ಟೇ ಕಾಣುತ್ತಿದ್ದವು. ನೀಲಿ ಸ್ಕೀಯ ಪುಡಿ ಗುಡಿಸುತ್ತಿದ್ದ.